ಘಾಟಿಯ ತಿರುವಿನಲ್ಲಿ ಸ್ಪೀಡೋಮೀಟರ್ ಸೊನ್ನೆಗೆ ಬೀಳುತ್ತದೆ: ಇಸಿಎಂ ಬದಲಿಸಬೇಕಾ?

ಪ್ರಶ್ನೆ: ನನ್ನದು 2019ರ ಕೊನೆಯಲ್ಲಿ ಕೊಂಡ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಮ್ಯಾನ್ಯುಯಲ್ ಗೇರ್, 78 ಸಾವಿರ ಕಿ.ಮೀ. ಓಡಿದೆ. ಊರು ಕುಂದಾಪುರದ ಹತ್ತಿರ. ಕೆಲಸದ ಮೇಲೆ ಆಗಾಗ ಹುಲಿಕಲ್ ಘಾಟಿ ಹತ್ತಿ ಶಿವಮೊಗ್ಗಕ್ಕೆ ಹೋಗಬೇಕಾಗುತ್ತದೆ. ಬೇಸಿಗೆಯಲ್ಲಿ ಮುಂದಿನ ಎಡ ಚಕ್ರದ ಬೇರಿಂಗ್ ಸದ್ದು ಮಾಡುತ್ತಿತ್ತು, ಹೊಸದು ಹಾಕಿಸಿದೆ. ಮಳೆಗಾಲ ಶುರುವಾದ ಮೇಲೆ ಹೊಸ ತಲೆನೋವು. ಘಾಟಿಯ ತಿರುವುಗಳಲ್ಲಿ ಎಬಿಎಸ್ (ಜೋರು ಬ್ರೇಕಿಗೆ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ದೀಪ ಹತ್ತುತ್ತದೆ, ಅದರ ಹಿಂದೆಯೇ ಸ್ಪೀಡೋಮೀಟರ್ ಮುಳ್ಳು ಸೊನ್ನೆಗೆ ಬೀಳುತ್ತದೆ, ಸ್ಟೀರಿಂಗ್ ಗಟ್ಟಿಯಾಗುತ್ತದೆ. ಗಾಡಿ ಆಫ್ ಮಾಡಿ ಸ್ಟಾರ್ಟ್ ಮಾಡಿದರೆ ಸರಿಹೋಗುತ್ತದೆ. ಎರಡು ಸಲ ಗಾಡಿ ನಿಲ್ಲಿಸುವಾಗ ಇಂಜಿನ್ನೇ ಆಫ್ ಆಯಿತು. ಗಾಡಿಯ ತೊಂದರೆಯ ಕೋಡ್ ಓದುವ ನನ್ನ ಬ್ಲೂಟೂತ್ ಡಾಂಗಲ್‌ನಲ್ಲಿ ಪಿ0500 ಅಂತ ಕೋಡ್ ಬಂತು. ಅದನ್ನು ನೋಡಿ ಒಂದು ಸ್ಪೀಡ್ ಸೆನ್ಸರ್ ಆನ್‌ಲೈನ್‌ನಲ್ಲಿ ತರಿಸಿದೆ. ಅದನ್ನು ಎಲ್ಲಿ ಕೂರಿಸಬೇಕು ಅಂತಲೇ ಮೆಕ್ಯಾನಿಕ್‌ಗೆ ಸಿಗಲಿಲ್ಲ! ಇನ್ನೊಬ್ಬರು ಇಸಿಎಂ (ಇಂಜಿನ್ ನಡೆಸುವ ಕಂಪ್ಯೂಟರ್) ಹೋಗಿದೆ, 42 ಸಾವಿರ ಆಗುತ್ತೆ ಅಂದರು. ಮತ್ತೊಬ್ಬರು ಎಬಿಎಸ್ ಫ್ಯೂಸ್ ತೆಗೆದು ಆರಾಮಾಗಿ ಓಡಿಸಿ ಅಂದರು. ಯಾರನ್ನು ನಂಬಲಿ? ಹೀಗೇ ಓಡಿಸಿದರೆ ಅಪಾಯವೇ?

ಉತ್ತರ: ಸದ್ಯಕ್ಕೆ ಆ 42 ಸಾವಿರ ನಿಮ್ಮ ಜೇಬಿನಲ್ಲೇ ಇರಲಿ. ಎಬಿಎಸ್ ಫ್ಯೂಸಿಗೂ ಕೈ ಹಾಕಬೇಡಿ.

ನಿಮಗಿರುವ ಭಯ ಎರಡು. ಸುಮ್ನೆ ದುಡ್ಡು ಕಳೆದುಕೊಳ್ಳಬಾರದು, ಘಾಟಿಯಲ್ಲಿ ಗಾಡಿ ಕೈಕೊಡಬಾರದು. ಎರಡೂ ನ್ಯಾಯವೇ. ಉತ್ತರದ ಬಹುಪಾಲು ನಿಮ್ಮ ಪತ್ರದಲ್ಲೇ ಇದೆ ನೋಡಿ. ಬೇರಿಂಗ್ ಹಾಕಿಸಿದ ಮೇಲೆ, ಮಳೆ ಬಂದಾಗ, ತಿರುವಿನಲ್ಲಿ. ಈ ಮೂರೂ ಒಟ್ಟಿಗೆ ಕೇಳಿದ ತಕ್ಷಣ ನಾನು ನೋಡುವುದು ಆ ಎಡ ಚಕ್ರದ ವೇಗ ಅಳೆಯುವ ಸೆನ್ಸರ್ ವೈರನ್ನು. ಇಸಿಎಂ ನೆನಪಿಗೆ ಬರುವುದು ಎಲ್ಲಕ್ಕಿಂತ ಕೊನೆಗೆ. ಆದರೆ ಬರೀ ಊಹೆಯ ಮೇಲೆ ಪಾರ್ಟ್ ಹಾಕಿ ಅಂದರೆ ನನಗೂ ಅವರಿಗೂ ವ್ಯತ್ಯಾಸ ಇರುವುದಿಲ್ಲ. ಅದಕ್ಕೇ ಪತ್ತೆ ಮಾಡುವ ದಾರಿಯನ್ನೂ ಹೇಳುತ್ತೇನೆ.

ಮೊದಲು ಆ ಆನ್‌ಲೈನ್ ಸೆನ್ಸರ್ ವಿಷಯ. ಮೆಕ್ಯಾನಿಕ್‌ಗೆ ಜಾಗ ಸಿಗದಿದ್ದರಲ್ಲಿ ಅವರ ತಪ್ಪಿಲ್ಲ. ನಿಮ್ಮ ಕಾರಿನಲ್ಲಿ ಆ ಜಾಗವೇ ಇಲ್ಲದಿರಬಹುದು. ಹಳೇ ಕಾರುಗಳಲ್ಲಿ ಗೇರ್‌ಬಾಕ್ಸಿನಿಂದ ಮೀಟರಿಗೆ ಒಂದು ಕೇಬಲ್ ಬರುತ್ತಿತ್ತು. ಆಮೇಲೆ ಅದೇ ಜಾಗಕ್ಕೆ ಮೂರು ವೈರಿನ ಸೆನ್ಸರ್ ಬಂತು: ಒಂದು ಕರೆಂಟಿಗೆ, ಒಂದು ಅರ್ತ್, ಒಂದು ಸಿಗ್ನಲ್. ಆ ಒಂದೇ ವೈರ್ ಕವಲೊಡೆದು ಮೀಟರಿಗೂ ಇಸಿಎಂಗೂ ಹೋಗುತ್ತಿತ್ತು.

ಈಗ ಹಾಗಿಲ್ಲ. ನಮ್ಮ ದೇಶದಲ್ಲಿ 2019ರ ಏಪ್ರಿಲ್‌ನಿಂದ ಮಾರುವ ಎಲ್ಲ ಹೊಸ ಕಾರುಗಳಿಗೂ ಎಬಿಎಸ್ ಕಡ್ಡಾಯವಾಯಿತು. ಎಬಿಎಸ್‌ಗೆ ಹೇಗೂ ಚಕ್ರಕ್ಕೊಂದು ಸೆನ್ಸರ್ ಇರುತ್ತದೆ. ಹಾಗಿರುವಾಗ ಗೇರ್‌ಬಾಕ್ಸಿನಲ್ಲಿ ಇನ್ನೊಂದು ಯಾಕೆ ಅಂತ ಬಹಳಷ್ಟು ಕಂಪನಿಗಳು ಅದನ್ನು ತೆಗೆದುಬಿಟ್ಟವು. ಈಗ ವೇಗವನ್ನು ಲೆಕ್ಕ ಹಾಕುವುದು ಎಬಿಎಸ್ ಮಾಡ್ಯೂಲ್, ಅಂದರೆ ಎಬಿಎಸ್ ನಡೆಸುವ ಪುಟ್ಟ ಕಂಪ್ಯೂಟರ್. ಅದು ಆ ಅಂಕಿಯನ್ನು ಕ್ಯಾನ್ ಅನ್ನುವ ಎರಡು ವೈರಿನ ಜಾಲದ ಮೇಲೆ ಡಂಗುರ ಸಾರಿದ ಹಾಗೆ ಎಲ್ಲರಿಗೂ ಹೇಳುತ್ತದೆ. ಮೀಟರ್ ಬೋರ್ಡ್ ಕೇಳಿಸಿಕೊಂಡು ಮುಳ್ಳು ಏರಿಸುತ್ತದೆ. ಸ್ಟೀರಿಂಗ್ ಮಾಡ್ಯೂಲ್ ಕೇಳಿಸಿಕೊಂಡು ಎಷ್ಟು ಹಗುರ ಮಾಡಬೇಕು ಅಂತ ತೀರ್ಮಾನಿಸುತ್ತದೆ. ಇಸಿಎಂ, ಬಾಗಿಲು ತಾನಾಗಿ ಲಾಕ್ ಮಾಡುವ ಬಾಡಿ ಮಾಡ್ಯೂಲ್, 80 ದಾಟಿದರೆ ಬೀಪ್ ಅನ್ನುವ ಎಚ್ಚರಿಕೆ, ಎಲ್ಲವೂ ಅದನ್ನೇ ನಂಬಿಕೊಂಡಿವೆ.

ಹಾಗಾಗಿ ಪಿ0500 ಅಂದರೆ "ಸ್ಪೀಡ್ ಸೆನ್ಸರ್ ಕೆಟ್ಟಿದೆ" ಅಂತಲ್ಲ. "ನನಗೆ ವೇಗದ ಸುದ್ದಿ ಸರಿಯಾಗಿ ಬರುತ್ತಿಲ್ಲ" ಅಂತ ಇಸಿಎಂ ದೂರು ಕೊಡುತ್ತಿದೆ, ಅಷ್ಟೇ. ದೂರು ಕೊಟ್ಟವನನ್ನೇ ಹಿಡಿದು ಬದಲಿಸಿ ಅನ್ನುವುದು ಯಾವ ನ್ಯಾಯ? ಇಸಿಎಂ ಕೆಡುವುದೇ ಇಲ್ಲ ಅಂತ ನಾನು ಹೇಳುವುದಿಲ್ಲ. ನೀರು ಹೊಕ್ಕರೆ, ಬ್ಯಾಟರಿ ಉಲ್ಟಾ ಕೊಟ್ಟರೆ, ಇಲಿ ವೈರ್ ಕಡಿದು ಶಾರ್ಟ್ ಆದರೆ ಕೆಡಬಹುದು. ಆದರೆ ಬರೀ ವೇಗದ ಸುದ್ದಿ ಮಾತ್ರ ಕೇಳದ ಹಾಗೆ, ಅದೂ ತಿರುವಿನಲ್ಲಿ ಮಾತ್ರ, ಇಸಿಎಂ ಕೆಡುವುದು ತೀರಾ ಅಪರೂಪ.

ನಿಮ್ಮ ಡಾಂಗಲ್ ಬಗ್ಗೆಯೂ ಒಂದು ಮಾತು. ಅಗ್ಗದ ಡಾಂಗಲ್ ಮತ್ತು ಉಚಿತ ಆ್ಯಪ್ ಸಾಮಾನ್ಯವಾಗಿ ಇಂಜಿನ್ ಕೋಡ್ ಮಾತ್ರ ಓದುತ್ತವೆ. ಎಬಿಎಸ್ ಮಾಡ್ಯೂಲಿನ ಒಳಗೆ ಏನು ಬರೆದಿದೆ ಅಂತ ಅವಕ್ಕೆ ಕಾಣುವುದೇ ಇಲ್ಲ. ನಿಮ್ಮ ಕೇಸಿನಲ್ಲಿ ಮುಖ್ಯವಾದ ಸಾಕ್ಷಿ ಇರುವುದು ಅಲ್ಲೇ.

ಇನ್ನೊಂದು ತಪ್ಪು ತಿಳಿವಳಿಕೆ ಇದೆ. ಆಫ್ ಮಾಡಿ ಆನ್ ಮಾಡಿದರೆ ಸರಿಹೋಗುತ್ತದೆ ಅಂದಮೇಲೆ ಕಂಪ್ಯೂಟರ್ ಹ್ಯಾಂಗ್ ಆಗುತ್ತಿರಬೇಕು ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ನಡೆಯುವುದು ಬೇರೆ. ಒಂದು ಚಕ್ರದ ಸಿಗ್ನಲ್ ಅರೆಗಳಿಗೆ ತಪ್ಪಿದರೂ ಸಾಕು, ಎಬಿಎಸ್ ಮಾಡ್ಯೂಲ್ ದೀಪ ಹತ್ತಿಸಿ ಪಕ್ಕಕ್ಕೆ ಸರಿಯುತ್ತದೆ. ಸಿಗ್ನಲ್ ವಾಪಸ್ ಬಂದರೂ ಕೀ ಆಫ್ ಮಾಡುವ ತನಕ ಸಾಮಾನ್ಯವಾಗಿ ಮತ್ತೆ ನಂಬುವುದಿಲ್ಲ. ಕೀ ಆನ್ ಮಾಡಿದಾಗ ಹೊಸದಾಗಿ ಪರೀಕ್ಷೆ ಮಾಡಿಕೊಳ್ಳುತ್ತದೆ, ಆ ಗಳಿಗೆಯಲ್ಲಿ ವೈರ್ ಕೂಡಿಕೊಂಡಿದ್ದರೆ ಪಾಸ್. ಮುಂದಿನ ತಿರುವಿನಲ್ಲಿ ಮತ್ತೆ ಅದೇ ಕಥೆ. ಅಂದರೆ ನಿಮ್ಮ ಎಬಿಎಸ್ ಮಾಡ್ಯೂಲ್ ತನ್ನ ಕೆಲಸ ಸರಿಯಾಗಿಯೇ ಮಾಡುತ್ತಿರುವ ಸಾಧ್ಯತೆ ಜಾಸ್ತಿ.

ಒಂದು ಚಕ್ರ ತಪ್ಪಿದರೆ ಸ್ಪೀಡೋಮೀಟರ್ ಯಾಕೆ ಪೂರ್ತಿ ಸೊನ್ನೆಗೆ ಬೀಳಬೇಕು? ಇದು ಕಂಪನಿಯಿಂದ ಕಂಪನಿಗೆ ಬೇರೆ. ಕೆಲವು ಕಾರುಗಳು ಉಳಿದ ಮೂರು ಚಕ್ರದ ಲೆಕ್ಕದಲ್ಲಿ ವೇಗ ತೋರಿಸುತ್ತಲೇ ಇರುತ್ತವೆ, ಕೆಲವು "ಈ ಅಂಕಿ ನಂಬಬೇಡಿ" ಅಂತ ಗುರುತು ಹಾಕಿ ಕಳಿಸುತ್ತವೆ. ಆಗ ಕೇಳುವವರೆಲ್ಲ ತಮ್ಮ ತಮ್ಮ ಸುರಕ್ಷಿತ ದಾರಿ ಹಿಡಿಯುತ್ತಾರೆ. ಮೀಟರ್ ಸೊನ್ನೆ ತೋರಿಸುತ್ತದೆ. ಸ್ಟೀರಿಂಗ್ ಮಾಡ್ಯೂಲ್ ಜೋರು ವೇಗದಲ್ಲಿದ್ದೇವೆ ಅಂತ ಅಂದುಕೊಂಡು ಸಹಾಯ ಕಡಿಮೆ ಮಾಡುತ್ತದೆ, ಅದೇ ನಿಮ್ಮ ಕೈಗೆ ಗಟ್ಟಿ ಅನಿಸುವುದು. ಇಸಿಎಂಗೆ ಗಾಡಿ ಉರುಳುತ್ತಿದೆಯೋ ನಿಂತಿದೆಯೋ ಗೊತ್ತಾಗದೆ, ನಿಲ್ಲಿಸುವಾಗ ಐಡ್ಲಿಂಗ್ ಹಿಡಿಯುವುದರಲ್ಲಿ ತಪ್ಪುತ್ತದೆ. ಇಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಬಾಡಿಯಲ್ಲಿ ಕಾರ್ಬನ್ ಕಟ್ಟಿದ್ದರೆ ಇಂಜಿನ್ ಆಫ್ ಆಗುವುದು ಇನ್ನೂ ಸುಲಭ. 78 ಸಾವಿರ ಓಡಿದೆಯಲ್ಲ, ಅದನ್ನೂ ಒಮ್ಮೆ ಕ್ಲೀನ್ ಮಾಡಿಸಿ.

ಪತ್ತೆಯ ಕೆಲಸ ಎಲ್ಲಾ ಮಾಡ್ಯೂಲ್ ಓದುವ ಸ್ಕ್ಯಾನರ್ ಇರುವ ಕಡೆ ಶುರುವಾಗಬೇಕು. ಇಂಜಿನ್, ಎಬಿಎಸ್, ಸ್ಟೀರಿಂಗ್, ಮೀಟರ್ ಬೋರ್ಡ್, ಬಾಡಿ, ಎಲ್ಲವನ್ನೂ ಸ್ಕ್ಯಾನ್ ಮಾಡಿ ಕೋಡ್‌ಗಳ ಫೋಟೋ ತೆಗೆದಿಟ್ಟುಕೊಳ್ಳಿ. ನೋಡುವ ಮೊದಲೇ ಕೋಡ್ ಅಳಿಸಿಬಿಡುವವರು ಇದ್ದಾರೆ, ಬಿಡಬೇಡಿ. ಎಬಿಎಸ್‌ನಲ್ಲಿ ಸಿ0035 ಅಥವಾ ಅದಕ್ಕೆ ಸಮನಾದ ಕಂಪನಿಯ ಸ್ವಂತ ಕೋಡ್ ಇದ್ದರೆ ಮುಂದಿನ ಎಡ ಚಕ್ರದ ಸೆನ್ಸರ್ ಅಂತ ಅರ್ಥ. ಅದು ಸಿಕ್ಕರೆ ನನ್ನ ಊಹೆಗೆ ಬಲ ಬಂತು. ಅದರ ಬದಲು ಬೇರೆ ಬೇರೆ ಮಾಡ್ಯೂಲ್‌ಗಳಲ್ಲಿ ಯು0121 ಕಾಣಿಸಿದರೆ, ಅಂದರೆ ಎಬಿಎಸ್ ಮಾಡ್ಯೂಲೇ ಮಾತಾಡುತ್ತಿಲ್ಲ ಅಂತ ಎಲ್ಲರೂ ದೂರಿದರೆ, ದಾರಿ ಬೇರೆ. ಆಗ ಚಕ್ರ ಬಿಟ್ಟು ಎಬಿಎಸ್ ಮಾಡ್ಯೂಲಿನ ಫ್ಯೂಸ್, ಅರ್ತ್, ಕಪ್ಲರ್ (ವೈರ್ ಜೋಡಿಸುವ ಪ್ಲಗ್), ಕ್ಯಾನ್ ವೈರ್ ನೋಡಬೇಕು. ಬೇರೆ ಯಾರದ್ದೂ ದೂರಿಲ್ಲದೆ ಮುಳ್ಳು ಮಾತ್ರ ಬೀಳುತ್ತಿದ್ದರೆ ಮೀಟರ್ ಬೋರ್ಡನ್ನು ಅನುಮಾನಿಸಬಹುದಿತ್ತು. ನಿಮ್ಮಲ್ಲಿ ಸ್ಟೀರಿಂಗ್ ಕೂಡ ಗಟ್ಟಿಯಾಗುತ್ತಿದೆ, ಹಾಗಾಗಿ ಮೀಟರ್ ಬೋರ್ಡ್ ನಿರಪರಾಧಿ.

ಇದಾದ ಮೇಲೆ ಲೈವ್ ಡೇಟಾ, ಅಂದರೆ ಗಾಡಿ ಓಡುವಾಗಲೇ ಸ್ಕ್ಯಾನರ್ ತೋರಿಸುವ ಅಂಕಿ. ನಾಲ್ಕು ಚಕ್ರದ ವೇಗವನ್ನು ಒಂದೇ ಗ್ರಾಫಿನಲ್ಲಿ ಹಾಕಿ. ಒಬ್ಬರು ಓಡಿಸಲಿ, ಇನ್ನೊಬ್ಬರು ಪರದೆ ನೋಡಲಿ. ನೀವೇ ಓಡಿಸುತ್ತಾ ನೋಡುವ ಸಾಹಸ ಬೇಡ. ಖಾಲಿ ಮೈದಾನದಲ್ಲಿ 20 ಕಿ.ಮೀ. ವೇಗದಲ್ಲಿ ನೇರ ಹೋದರೆ ನಾಲ್ಕು ಗೆರೆಯೂ ಒಂದರ ಮೇಲೊಂದು ಕೂರಬೇಕು. ಆಮೇಲೆ ಸ್ಟೀರಿಂಗನ್ನು ಪೂರ್ತಿ ಒಂದು ಕಡೆಗೆ, ಮತ್ತೆ ಇನ್ನೊಂದು ಕಡೆಗೆ ತಿರುಗಿಸಿ ನಿಧಾನಕ್ಕೆ ಸುತ್ತು ಹಾಕಿ. ಹೊರಗಿನ ಚಕ್ರ ಒಳಗಿನದಕ್ಕಿಂತ ಜೋರು ತಿರುಗುವುದು ಸಹಜ, ಅದನ್ನು ನೋಡಿ ಗಾಬರಿಯಾಗಬೇಡಿ. ಒಂದು ಗೆರೆ ಕಡಿದ ಹಾಗೆ ಒಮ್ಮೆಗೇ ಸೊನ್ನೆಗೆ ಬಿದ್ದು ಎದ್ದರೆ ಅದೇ ಕಳ್ಳ. ಸೊನ್ನೆಗೆ ಬೀಳದೆ, ಚಕ್ರದ ಪ್ರತಿ ಸುತ್ತಿಗೂ ಒಂದೇ ಜಾಗದಲ್ಲಿ ಗೆರೆ ಕುಣಿದರೆ ಚಕ್ರದ ಜೊತೆ ತಿರುಗುತ್ತಾ ಸೆನ್ಸರಿಗೆ ಲೆಕ್ಕ ಕೊಡುವ ರಿಂಗಿನ ಹಲ್ಲು ಮುರಿದಿದೆ ಅಥವಾ ರಿಂಗ್ ಬಿರುಕು ಬಿಟ್ಟಿದೆ.

ಎಡ ಚಕ್ರವೇ ಅಂತ ಗೊತ್ತಾದರೆ ಜಾಕ್ ಹಾಕಿ, ಕೆಳಗೆ ಸ್ಟ್ಯಾಂಡ್ ಕೊಟ್ಟು, ಚಕ್ರ ಬಿಚ್ಚಿ ಕಣ್ಣಲ್ಲೇ ನೋಡಿ. ಸೆನ್ಸರಿನಿಂದ ಹೊರಟ ವೈರ್ ಶಾಕ್ ಅಬ್ಸಾರ್ಬರ್ ಮೇಲಿನ ಕ್ಲಿಪ್‌ನಲ್ಲಿ ಕೂತು, ಅಲ್ಲಿಂದ ಬಾಡಿಯ ಕಡೆಗೆ ಹೋಗುತ್ತದೆ. ಬೇರಿಂಗ್ ಹಾಕುವಾಗ ಸಾಮಾನ್ಯವಾಗಿ ಈ ಕ್ಲಿಪ್ ಬಿಚ್ಚುತ್ತಾರೆ. ವಾಪಸ್ ಕೂರಿಸುವಾಗ ಕ್ಲಿಪ್ ಮುರಿದಿದ್ದರೆ, ಅಥವಾ ಮೆಕ್ಯಾನಿಕ್ ಅವಸರದಲ್ಲಿ ಮರೆತಿದ್ದರೆ, ವೈರ್ ಜೋತು ಬಿದ್ದು ತಿರುವಿನಲ್ಲಿ ಟೈರಿಗೋ ರಿಮ್ಮಿಗೋ ತಗಲುತ್ತದೆ. ಹೊರಗಿನ ರಬ್ಬರ್ ನುಣುಪಾಗಿ ಹೊಳೆಯುತ್ತಿರುತ್ತದೆ, ಬೆರಳಾಡಿಸಿದರೆ ಒಂದು ಕಡೆ ತಗ್ಗು ಸಿಗುತ್ತದೆ. ಅಲ್ಲಿ ಮೆಲ್ಲಗೆ ಬಾಗಿಸಿದರೆ ಒಳಗಿನ ತಾಮ್ರ ಕಪ್ಪಾಗಿ ಇಣುಕುತ್ತದೆ. ಇನ್ನೊಂದು ತುದಿಯ ಕಪ್ಲರ್ ಬಿಚ್ಚಿ ನೋಡಿ. ಪಿನ್ನಿನ ಮೇಲೆ ಹಸಿರು ಕಿಲುಬು ಕಟ್ಟಿದ್ದರೆ ಮಳೆ ನೀರು ಒಳಗೆ ಸೇರಿದೆ ಅಂತ ಲೆಕ್ಕ. ಕರಾವಳಿಯ ಉಪ್ಪು ಗಾಳಿಗೆ ಇದು ಬೇಗ ಆಗುತ್ತದೆ. ಅದೇ ಉಪ್ಪು ಗಾಳಿಗೆ ಸೆನ್ಸರ್ ಕೂರುವ ರಂಧ್ರದ ಸುತ್ತ ತುಕ್ಕು ಉಬ್ಬಿ, ಸೆನ್ಸರನ್ನೇ ಕೂದಲೆಳೆಯಷ್ಟು ಮೇಲಕ್ಕೆ ಎತ್ತುವುದೂ ಉಂಟು. ಆಗ ಗಾಡಿ ನಿಲ್ಲುವ ಹೊತ್ತಿಗೆ, 5-10 ಕಿ.ಮೀ. ವೇಗದಲ್ಲಿ, ಕಾರಣವಿಲ್ಲದೆ ಬ್ರೇಕ್ ಪೆಡಲ್ ಕಾಲಿನ ಕೆಳಗೆ ಗರಗರ ಅನ್ನುತ್ತದೆ. ನಿಮಗೆ ಹಾಗಾಗಿದೆಯಾ ಅಂತ ನೆನಪು ಮಾಡಿಕೊಳ್ಳಿ.

ಬೇರಿಂಗ್ ಉಲ್ಟಾ ಹಾಕಿದ್ದಾರಾ ಅನ್ನುವ ಅನುಮಾನವೂ ಬರಬಹುದು. ಈಗಿನ ಬಹಳಷ್ಟು ಬೇರಿಂಗ್‌ಗಳಲ್ಲಿ ಹಲ್ಲಿನ ರಿಂಗ್ ಇರುವುದಿಲ್ಲ. ಒಂದು ಬದಿಯ ಸೀಲಿನಲ್ಲೇ ಉತ್ತರ-ದಕ್ಷಿಣ ಧ್ರುವಗಳನ್ನು ಸಾಲಾಗಿ ಅಚ್ಚು ಹಾಕಿರುತ್ತಾರೆ. ಬರಿಗಣ್ಣಿಗೆ ಅದು ಬರೀ ಕಪ್ಪು ರಬ್ಬರ್. ಕಾಂತ ತೋರಿಸುವ ಹಸಿರು ಕಾರ್ಡ್ ಒಂದು ಸಿಗುತ್ತದೆ, ಅದನ್ನು ಆ ಸೀಲಿನ ಮೇಲಿಟ್ಟರೆ ಸಣ್ಣ ಸಣ್ಣ ಗೆರೆಗಳು ಎದ್ದು ಕಾಣುತ್ತವೆ. ಆ ಬದಿ ಸೆನ್ಸರಿನ ಕಡೆಗೇ ಇರಬೇಕು. ಉಲ್ಟಾ ಹಾಕಿದರೆ ಆ ಚಕ್ರದಿಂದ ಮೊದಲ ದಿನದಿಂದಲೇ ಸಿಗ್ನಲ್ ಬರುವುದಿಲ್ಲ. ನಿಮ್ಮದು ಬೇಸಿಗೆಯೆಲ್ಲ ಸರಿಯಾಗಿ ಓಡಿ ಮಳೆಗಾಲದಲ್ಲಿ ಶುರುವಾದದ್ದು, ಈಗಲೂ ಬಂದು ಬಂದು ಹೋಗುತ್ತಿದೆ. ಹಾಗಾಗಿ ಬೇರಿಂಗ್ ಸರಿಯಾಗಿಯೇ ಇದೆ ಅಂತ ನನ್ನ ಅಭಿಪ್ರಾಯ.

ಮಲ್ಟಿಮೀಟರ್ ಹಿಡಿಯುವವರಿಗೆ ಒಂದು ಎಚ್ಚರಿಕೆ. ಹಳೇ ತರಹದ ಕಾಯಿಲ್ ಸೆನ್ಸರ್ ಆದರೆ ಓಮ್ಸ್ ನೋಡಬಹುದು, ಸುಮಾರು ಒಂದು-ಎರಡು ಸಾವಿರ ಓಮ್ಸ್ ಬರುತ್ತದೆ. ಹೊಸ ತರಹದ ಆ್ಯಕ್ಟಿವ್ ಸೆನ್ಸರಿಗೂ ಎರಡೇ ವೈರ್, ನೋಡಲು ಹಾಗೇ ಇರುತ್ತದೆ. ಆದರೆ ಅದರೊಳಗೆ ಎಲೆಕ್ಟ್ರಾನಿಕ್ ಚಿಪ್ ಇದೆ. ಅದಕ್ಕೆ ಓಮ್ಸ್ ಹಿಡಿದರೆ ಬರುವ ಅಂಕಿಗೆ ಅರ್ಥವಿಲ್ಲ, ಕೆಲವೊಮ್ಮೆ ಒಳ್ಳೆ ಸೆನ್ಸರೂ ಹಾಳಾಗುತ್ತದೆ. ಅದು ಸುದ್ದಿ ಹೇಳುವುದು ಕರೆಂಟಿನ ಏರಿಳಿತದಲ್ಲಿ, ಸುಮಾರು 7 ಮತ್ತು 14 ಮಿಲಿಆಂಪ್ ನಡುವೆ. ಸ್ಕ್ಯಾನರ್ ಜೋಡಿಸಿ ಚಕ್ರವನ್ನು ಕೈಯಲ್ಲಿ ತಿರುಗಿಸುವುದೇ ಸುಲಭದ ಪರೀಕ್ಷೆ. ಸೆಕೆಂಡಿಗೆ ಒಂದು ಸುತ್ತು ಅಂದರೆ ನಿಮ್ಮಂಥ ಹ್ಯಾಚ್‌ಬ್ಯಾಕ್ ಟೈರಿಗೆ 6-7 ಕಿ.ಮೀ. ವೇಗ ಕಾಣಿಸಬೇಕು. ಹಾಗೆ ತಿರುಗಿಸುತ್ತಲೇ ಇನ್ನೊಬ್ಬರು ವೈರನ್ನು ಅಲ್ಲಲ್ಲಿ ಅಲುಗಾಡಿಸಲಿ, ಸ್ಟೀರಿಂಗ್ ತಿರುಗಿಸಲಿ, ಕಪ್ಲರ್ ಮೇಲೆ ಸ್ವಲ್ಪ ನೀರು ಚಿಮುಕಿಸಲಿ. ಘಾಟಿಯಲ್ಲಿ ಆಗುವುದು ಜಾಕ್ ಮೇಲೆಯೇ ಆದರೆ ಕೆಲಸ ಮುಗಿದ ಹಾಗೆ.

ಚಕ್ರಗಳೆಲ್ಲ ಸರಿಯಿದ್ದರೆ ಮಾತ್ರ ಮುಂದಕ್ಕೆ. ಎಬಿಎಸ್ ಮಾಡ್ಯೂಲಿನ ಅರ್ತ್ ಬೋಲ್ಟ್ ಬಿಚ್ಚಿ ತುಕ್ಕು ಕೆರೆದು ಬಿಗಿ ಮಾಡಿ. ಬ್ಯಾಟರಿ ಟರ್ಮಿನಲ್ ಬಿಚ್ಚಿ ಸ್ಕ್ಯಾನರ್ ಚುಚ್ಚುವ ಒಬಿಡಿ ಸಾಕೆಟ್ಟಿನ 6 ಮತ್ತು 14ನೇ ಪಿನ್ ನಡುವೆ ಓಮ್ಸ್ ನೋಡಿ. 60ರ ಆಸುಪಾಸು ಬಂದರೆ ಕ್ಯಾನ್ ವೈರ್ ಆರೋಗ್ಯವಾಗಿದೆ, 120 ಬಂದರೆ ಎಲ್ಲೋ ಒಂದು ಕಡೆ ಕಡಿದಿದೆ, ಸೊನ್ನೆಯ ಹತ್ತಿರ ಬಂದರೆ ಶಾರ್ಟ್. ನಡುವೆ ಗೇಟ್‌ವೇ ಅನ್ನುವ ಮಧ್ಯವರ್ತಿ ಮಾಡ್ಯೂಲ್ ಇರುವ ಕಾರುಗಳಲ್ಲಿ ಈ ಲೆಕ್ಕ ಸರಿಹೋಗುವುದಿಲ್ಲ. ಹೊರಗಿನಿಂದ ಹಾಕಿಸಿದ ಸ್ಟೀರಿಯೋ, ಜಿಪಿಎಸ್ ಟ್ರ್ಯಾಕರ್, ರಿಮೋಟ್ ಲಾಕ್ ಇದ್ದರೆ ಒಮ್ಮೆ ಬಿಚ್ಚಿ ಓಡಿಸಿ ನೋಡಿ. ಹಳದಿ ಬೋರ್ಡ್ ಟ್ಯಾಕ್ಸಿಗಳಲ್ಲಂತೂ ಸ್ಪೀಡ್ ಗವರ್ನರ್ ಹಾಕುವಾಗ ಸಿಪ್ಪೆ ಸುಲಿದು ಸುತ್ತಿದ ಆ ಒಂದು ಜೋಡಣೆಯೇ ಎಷ್ಟೋ ಸಲ ಮೂಲ ಕಾರಣ. ಹಾಗೇ ಟೈರ್ ಸೈಜ್ ಬದಲಿಸಿದ್ದಕ್ಕೆ ಹೀಗಾಯಿತು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಟೈರ್ ದೊಡ್ಡದಾದರೆ ವೇಗ ಸ್ವಲ್ಪ ತಪ್ಪು ತೋರಿಸೀತು, ಹೀಗೆ ಒಮ್ಮೆಗೇ ಸೊನ್ನೆಗೆ ಬೀಳುವುದಿಲ್ಲ.

ಇನ್ನು ರಿಪೇರಿ. ವೈರ್ ಸವೆದಿದ್ದರೆ ನನ್ನ ಆಯ್ಕೆ ಸೆನ್ಸರನ್ನು ವೈರ್ ಸಮೇತ ಬದಲಿಸುವುದು. ಬಹಳಷ್ಟು ಕಾರುಗಳಲ್ಲಿ ಅದು ಒಂದೇ ತುಂಡಾಗಿ ಬರುತ್ತದೆ, ಇಸಿಎಂ ಬೆಲೆಯ ಪಕ್ಕದಲ್ಲಿ ಅದರ ಬೆಲೆ ಏನೂ ಅಲ್ಲ. ತಿರುಚಿ ಟೇಪ್ ಸುತ್ತಿದ ಜೋಡಣೆ, ಅದೂ ದಿನವಿಡೀ ಬಾಗುವ ಜಾಗದಲ್ಲಿ, ಒಂದು ಮಳೆಗಾಲ ಬಾಳುವುದಿಲ್ಲ. ಅಗ್ಗದ ಲೋಕಲ್ ಸೆನ್ಸರ್‌ಗಳಲ್ಲಿ ಕೆಲವು ಚೆನ್ನಾಗಿವೆ, ಕೆಲವು ಜೋರು ಬಿಸಿಲಿಗೇ ಕೈಕೊಡುತ್ತವೆ. ಬ್ರೇಕಿಗೆ ಸಂಬಂಧಪಟ್ಟ ಭಾಗ, ಇಲ್ಲಿ ಉಳಿತಾಯ ನೋಡಬೇಡಿ. ಕಪ್ಲರಿನಲ್ಲಿ ಮಾತ್ರ ಕಿಲುಬು ಇದ್ದರೆ ಪಿನ್ ಬದಲಿಸಿ, ಒಳಗಿನ ರಬ್ಬರ್ ಸೀಲ್ ಇದೆಯಾ ಅಂತ ನೋಡಿದರೆ ಸಾಕು.

ಎಬಿಎಸ್ ಮಾಡ್ಯೂಲೇ ಹೋಗಿದೆ ಅಂತ ಸಾಬೀತಾದರೆ ಮೂರು ದಾರಿ. ಹೊಸದು ದುಬಾರಿ, ಆದರೆ ನಿಶ್ಚಿಂತೆ. ಕೈಪಳಗಿದವರು ಸರ್ಕ್ಯೂಟ್ ರಿಪೇರಿ ಮಾಡಿಕೊಟ್ಟರೆ ಖರ್ಚು ಕಡಿಮೆ, ಬರಹದಲ್ಲಿ ವಾರಂಟಿ ಕೇಳಿ. ಗುಜರಿಯಿಂದ ತಂದದ್ದು ಮೂರನೆಯದು, ಅದಕ್ಕೆ ನಿಮ್ಮ ಗಾಡಿಯ ಕೋಡಿಂಗ್ ಆಗಬೇಕು, ಮಾಡೆಲ್ ನಂಬರ್ ಪೂರ್ತಿ ಹೊಂದಬೇಕು. ಹೈಡ್ರಾಲಿಕ್ ಬಿಚ್ಚಿದರೆ ಬ್ರೇಕ್ ಏರ್ ತೆಗೆಯಲು ಸಾಮಾನ್ಯವಾಗಿ ಸ್ಕ್ಯಾನರ್ ಬೇಕು. ಹಳೇ ಇಸಿಎಂ ತಂದರೂ ಇದೇ ಪಾಡು, ಕಳ್ಳತನ ತಡೆಯುವ ಇಮ್ಮೊಬಿಲೈಸರ್ ಹೊಂದದೆ ಗಾಡಿ ಸ್ಟಾರ್ಟೇ ಆಗದಿರಬಹುದು.

ಅಪಾಯದ ಪ್ರಶ್ನೆಗೆ ಬರುತ್ತೇನೆ. ಹಳದಿ ಎಬಿಎಸ್ ದೀಪ ಒಂದೇ ಹತ್ತಿದ್ದರೆ ಮಾಮೂಲಿ ಬ್ರೇಕ್ ಕೆಲಸ ಮಾಡುತ್ತದೆ. ಆದರೆ ಜೋರಾಗಿ ಒತ್ತಿದರೆ ಚಕ್ರ ಲಾಕ್ ಆಗಿ ಜಾರುತ್ತದೆ. ಅದರ ಜೊತೆ ಕೆಂಪು ಬ್ರೇಕ್ ದೀಪವೂ ಹತ್ತಿದರೆ ಬ್ರೇಕ್ ಆಯಿಲ್ ಇಳಿದಿರಬಹುದು, ಅಥವಾ ಹಿಂದಿನ ಚಕ್ರದ ಬ್ರೇಕ್ ಹದ ಮಾಡುವ ವ್ಯವಸ್ಥೆಯೂ ನಿಂತಿರಬಹುದು. ಆಗ ಗಾಡಿ ಬದಿಗೆ ಹಾಕಿ, ಓಡಿಸಬೇಡಿ. ಇಂಜಿನ್ ಆಫ್ ಆದಾಗ ಸ್ಟೀರಿಂಗ್ ಇನ್ನೂ ಭಾರವಾಗುತ್ತದೆ, ಎರಡು-ಮೂರು ಸಲ ಪೆಡಲ್ ಒತ್ತಿದ ಮೇಲೆ ಬ್ರೇಕೂ ಗಟ್ಟಿಯಾಗುತ್ತದೆ. ಇಳಿಜಾರಿನ ತಿರುವಿನಲ್ಲಿ ಇದಾದರೆ ಏನಾದೀತು ಅಂತ ನಾನು ಹೇಳಬೇಕಾಗಿಲ್ಲ. ಫ್ಯೂಸ್ ತೆಗೆದರೆ ಈ ಎಲ್ಲ ತೊಂದರೆಯೂ ದಿನವಿಡೀ ಇರುತ್ತದೆ, ಅಷ್ಟೇ ವ್ಯತ್ಯಾಸ. ರಿಪೇರಿ ಆಗುವ ತನಕ ಊರೊಳಗೆ ನಿಧಾನಕ್ಕೆ ಓಡಿಸಿ, ಘಾಟಿಗೆ ಬಸ್ಸಿನಲ್ಲಿ ಹೋಗಿ.

ರಿಪೇರಿ ಮುಗಿದ ಮೇಲೆ ಕೋಡ್ ಅಳಿಸಿದರೂ ಕೆಲವು ಕಾರುಗಳಲ್ಲಿ ಎಬಿಎಸ್ ದೀಪ ತಕ್ಷಣ ಹೋಗುವುದಿಲ್ಲ. ಸ್ವಲ್ಪ ದೂರ ಓಡಿ, ನಾಲ್ಕೂ ಚಕ್ರದ ಸಿಗ್ನಲ್ ಸರಿಯಿದೆ ಅಂತ ಖಾತ್ರಿಯಾದ ಮೇಲೆ ಹೋಗುತ್ತದೆ. ಹಾಗಾಗಿ ಶೆಡ್ಡಿನಲ್ಲೇ ಕೀ ತೆಗೆದುಕೊಳ್ಳಬೇಡಿ. ಮೆಕ್ಯಾನಿಕ್ ಜೊತೆಗೆ ಸ್ಕ್ಯಾನರ್ ಇಟ್ಟುಕೊಂಡು, ಒದ್ದೆ ರಸ್ತೆಯಲ್ಲಿ, ಸ್ಟೀರಿಂಗ್ ಪೂರ್ತಿ ತಿರುಗಿಸಬೇಕಾದ ಜಾಗದಲ್ಲಿ ಎರಡೂ ಕಡೆಗೆ ಸುತ್ತು ಹಾಕಿಸಿ. ಆ ಎಡ ಚಕ್ರದ ಗೆರೆ ಎಲ್ಲೂ ಕಡಿಯದಿದ್ದರೆ ದುಡ್ಡು ಕೊಡಿ. ಹಳೇ ಸೆನ್ಸರನ್ನು ಕೇಳಿ ಇಸಿದುಕೊಳ್ಳಿ, ವೈರ್ ಎಲ್ಲಿ ಸವೆದಿತ್ತು ಅಂತ ನೋಡಿದರೆ ಹೊಸ ವೈರಿನ ಕ್ಲಿಪ್ ಸರಿಯಾಗಿ ಕೂತಿದೆಯಾ ಅನ್ನುವುದೂ ಅಲ್ಲೇ ಗೊತ್ತಾಗುತ್ತದೆ.